ಹಾಳುಗೆಡಹುವ ಸಂಪಾದನೆ ಕಂಡಾಗ

ಸದಸ್ಯರೇ, ವಿಕಿಪೀಡಿಯ ಪುಟದಲ್ಲಿ ಬೈಗುಳ ಕಂಡ ಕೂಡಲೇ ‘ರದ್ದುಗೊಳಿಸಿ’ ಒತ್ತಬೇಡಿ. ಮೊದಲು ಪುಟದ ಇತಿಹಾಸ ತೆರೆಯಿರಿ. ಒಬ್ಬರೇ ಸಾಲಾಗಿ 4 ಸಲ ಬದಲಾಯಿಸಿದ್ದರೆ, ಕೊನೆಯದನ್ನು ಮಾತ್ರ ರದ್ದು ಮಾಡಿದರೆ ಉಳಿದ 3 ಹಾಗೇ ಉಳಿಯುತ್ತವೆ. ಮೇಲ್ನೋಟಕ್ಕೆ ಪುಟ ಶುದ್ಧವಾಗಿ ಕಾಣುವುದರಿಂದ ಆಮೇಲೆ ಯಾರೂ ಗಮನಿಸುವುದಿಲ್ಲ. ಅವರು ಕೈ ಹಾಕುವ ಮುಂಚಿನ ಆವೃತ್ತಿಯನ್ನು ತೆರೆದು, ಅದನ್ನೇ ಉಳಿಸಿ. ನಡುವೆ ಬೇರೆಯವರ ಒಳ್ಳೆಯ ತಿದ್ದುಪಡಿ ಇದ್ದರೆ ಅದನ್ನು ಮತ್ತೆ ಸೇರಿಸಿ.

ಬೈಗುಳ ನಿಜಕ್ಕೂ ಸಣ್ಣ ತಲೆನೋವು. ದೊಡ್ಡದು ಅಂಕಿ ತಿರುಚುವುದು: 1947 ಇದ್ದದ್ದು 1974 ಆಗುತ್ತದೆ, ಪಕ್ಕದ ಉಲ್ಲೇಖ ಮಾತ್ರ ಹಾಗೇ ಇರುತ್ತದೆ, ಓದುವವರು ನಂಬುತ್ತಾರೆ. ಉಲ್ಲೇಖವನ್ನು ತೆರೆದು ಅಂಕಿ ಹೋಲಿಸದೆ ಇದು ಸಿಗದು. ಗೂಗಲ್‌ನಲ್ಲಿ ಹುಡುಕಿ ‘ಸರಿಯಿದೆ’ ಅನ್ನಬೇಡಿ. ಅಲ್ಲಿ ಸಿಗುವ ತಾಣ ವಿಕಿಪೀಡಿಯದಿಂದಲೇ ನಕಲು ಮಾಡಿರಬಹುದು. ಅಮೆರಿಕದ ಪತ್ರಕರ್ತ ಜಾನ್ ಸೀಗೆಂಥಾಲರ್ ಅವರಿಗೆ ಅಲ್ಲಿನ ಅಧ್ಯಕ್ಷ ಕೆನಡಿ ಹತ್ಯೆಯ ನಂಟು ಕಟ್ಟಿದ ಸುಳ್ಳು 2005ರಲ್ಲಿ ಇಂಗ್ಲಿಷ್ ವಿಕಿಪೀಡಿಯದಲ್ಲಿ ತಿಂಗಳುಗಟ್ಟಲೆ ಕೂತಿತ್ತು. ಅಲ್ಲಿ ಬೈಗುಳವಿರಲಿಲ್ಲ, ಗಂಭೀರ ವಾಕ್ಯಗಳಿದ್ದವು.

ಇಂಥ ಒಂದು ತಿರುಚು ಸಿಕ್ಕರೆ, ಅದನ್ನು ಮಾಡಿದ ಖಾತೆಯ ‘ಕಾಣಿಕೆಗಳು’ ಪಟ್ಟಿಯನ್ನೂ ನೋಡಿ, ಬೇರೆ ಪುಟಗಳಲ್ಲೂ ಅದೇ ಕೈಚಳಕ ಇರಬಹುದು. ಸಂಪಾದನೆಯ ಸಾರಾಂಶದಲ್ಲಿ ‘ಮೂಲದಲ್ಲಿ 1947 ಎಂದಿದೆ’ ಎಂದಷ್ಟೇ ಬರೆಯಿರಿ. ಜಗಳ ಬೇಡ, ಹಾಳುಗೆಡಹುವವರಿಗೆ ಬೇಕಾಗಿರುವುದೇ ಅದು. ಹೊಸಬರ ಅರಿಯದ ತಪ್ಪಾದರೆ ಅವರ ಚರ್ಚೆ ಪುಟದಲ್ಲಿ ತಿಳಿಹೇಳಿ. ಎಚ್ಚರಿಸಿದರೂ ಮುಂದುವರಿಸಿದರೆ, ವ್ಯತ್ಯಾಸದ (ಹಳೆಯ, ಹೊಸ ಆವೃತ್ತಿಗಳನ್ನು ಹೋಲಿಸಿ ತೋರಿಸುವ ಪುಟದ) ಕೊಂಡಿಗಳ ಸಮೇತ ನಿರ್ವಾಹಕರಿಗೆ ತಿಳಿಸಿ. ಖಾತೆ ತಡೆಯುವುದು, ಪುಟ ಸಂರಕ್ಷಿಸುವುದು ಅವರ ಕೈಯಲ್ಲಿದೆ.