2000 ವ್ಯಾಟಿಗೆ ಬಿಲ್ಲು, 1500 ವ್ಯಾಟಿನ ಎಲಿಮೆಂಟು

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು, ಮುಂಬಯಿ

ವಿಷಯ: ಗೀಸರ್‌ಗೆ ಕಡಿಮೆ ವ್ಯಾಟಿನ ಎಲಿಮೆಂಟ್ ಹಾಕಿ ಪೂರ್ತಿ ದುಡ್ಡು ತೆಗೆದುಕೊಂಡ ಬಗ್ಗೆ

ಮಾನ್ಯರೇ,

ಫೋನ್ ಮಾಡಿ ಮಾಡಿ ಸಾಕಾಯಿತು. ಪ್ರತಿ ಸಲವೂ 'ನಿಮ್ಮ ತೊಂದರೆ ಅರ್ಥವಾಗುತ್ತದೆ ಸರ್' ಅನ್ನುತ್ತಾರೆ. ಮರುದಿನ 'ನಿಮ್ಮ ದೂರು ಬಗೆಹರಿದಿದೆ' ಅಂತ ಮೆಸೇಜ್ ಬರುತ್ತದೆ. ಯಾರ ಪಾಲಿಗೆ ಬಗೆಹರಿಯಿತು ಅಂತ ಮಾತ್ರ ಬರೆದಿರುವುದಿಲ್ಲ. ನಿಮ್ಮ ವಾರಂಟಿ ಕಾರ್ಡಿನ ಹಿಂದೆ ಕನ್ನಡದಲ್ಲೂ ಬರೆಯಬಹುದು ಎಂದು ಅಚ್ಚು ಹಾಕಿಸಿದ್ದೀರಿ. ಅದಕ್ಕೇ ಬರೆಯುತ್ತಿದ್ದೇನೆ. ಓದಿಸಿಕೊಳ್ಳುವುದು ನಿಮ್ಮ ಜವಾಬ್ದಾರಿ.

ಗೋರೆಗಾಂವ್ ಪೂರ್ವದ ನಮ್ಮ ಮನೆಯಲ್ಲಿರುವುದು ನಿಮ್ಮ 15 ಲೀಟರಿನ ಗೀಸರ್. 230 ವೋಲ್ಟ್, 2000 ವ್ಯಾಟ್ ಎಂದು ನೀವೇ ಚೀಟಿ ಅಂಟಿಸಿದ್ದೀರಿ. ಬೋರ್‌ವೆಲ್ ನೀರಿನ ಬಿಳಿ ಪದರ ಕಟ್ಟಿ, ನೀರು ಕಾಯಿಸುವ ಎಲಿಮೆಂಟ್ ಸುಟ್ಟಿತು. ಅದರ ಬಗ್ಗೆ ದೂರಿಲ್ಲ. ನಿಮ್ಮ ಮೆಕ್ಯಾನಿಕ್ ಬಂದ, ಹೊಸದು ಹಾಕಿದ, 2000 ವ್ಯಾಟ್ ಎಂದು ಬಿಲ್ ಬರೆದ, ದುಡ್ಡು ಎಣಿಸಿಕೊಂಡು ಹೋದ. ಮೊದಲು 18 ನಿಮಿಷಕ್ಕೆ ಕಾಯುತ್ತಿದ್ದ ನೀರಿಗೆ ಈಗ 25 ನಿಮಿಷ ಬೇಕು.

ನಾನು ಹಗಲು ಹೋಟೆಲ್‌ನಲ್ಲಿ ಲೋಟ ತೊಳೆದು, ರಾತ್ರಿ ಫೋರ್ಟಿನ ಕನ್ನಡ ಶಾಲೆಯಲ್ಲಿ ಕಲಿತವನು. 1982ರ ಮುಷ್ಕರದ ತನಕ ಪರೇಲಿನ ಮಿಲ್ಲಿನಲ್ಲಿ ವೈರ್‌ಮನ್ ಆಗಿದ್ದೆ. ಮಿಲ್ಲು ಹೋಯಿತು, ಮತ್ತೆ ಹೋಟೆಲಿಗೇ ಬಂದೆ. ಮೀಟರ್ ಹಿಡಿಯುವುದು ಮರೆತಿಲ್ಲ. ಗೀಸರ್ ಓಡುತ್ತಿರುವಾಗಲೇ ಅಳೆದೆ. ವೋಲ್ಟೇಜ್ 228, ಕರೆಂಟ್ 6.45 ಆಂಪ್. ಎರಡನ್ನೂ ಗುಣಿಸಿದರೆ 1471 ವ್ಯಾಟ್. ವೋಲ್ಟನ್ನು ಆಂಪಿನಿಂದ ಭಾಗಿಸಿದರೆ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, 35 ಓಮ್ ಚಿಲ್ಲರೆ. ಸಾಲದು ಅಂತ ಪ್ಲಗ್ ಕಿತ್ತು, ವಯರ್ ಬಿಚ್ಚಿ, ಎಲಿಮೆಂಟಿನ ಎರಡು ಕಾಲುಗಳ ಮೇಲೆ ನೇರವಾಗಿ ಓಮ್ ನೋಡಿದೆ. ಅಲ್ಲೂ 35. 2000 ವ್ಯಾಟಿನದ್ದಾದರೆ ಎಷ್ಟಿರಬೇಕು? 230ರ ವರ್ಗವನ್ನು 2000ದಿಂದ ಭಾಗಿಸಿ: 26.45. ನಿಮಗೆ ಇದು ಗೊತ್ತಿರದೆ ಇರುತ್ತದಾ? ವೋಲ್ಟು, ಆಂಪು, ಓಮಿನ ನಂಟನ್ನು ಓಮ್ ಸಾಹೇಬರು 1827ರಲ್ಲೇ ಅಚ್ಚು ಹಾಕಿಸಿದ್ದಾರೆ. 35 ಓಮ್ ಅಂದರೆ 1500 ವ್ಯಾಟಿನ ಎಲಿಮೆಂಟು, ಸುಮ್ನೆ ಮಾತು ಬೇಡ.

ಇಷ್ಟು ಹೇಳಿದ ಮೇಲೆ ಮೆಕ್ಯಾನಿಕ್ ಜೊತೆ ಸೂಪರ್‌ವೈಸರ್ ಬಂದರು. ಅದೇ ದಿನ ನಮ್ಮ ಮನೆಗೆ ಬೀಗರು ಬಂದಿದ್ದರು. ಬಾತ್‌ರೂಮಿನ ಬಾಗಿಲಲ್ಲಿ ನಾನು, ನನ್ನ ಹಿಂದೆ ಕಾಫಿ ಲೋಟ ಹಿಡಿದ ಬೀಗರು, ಕರಿಬೇವು ಕೇಳಲು ಬಂದ ಪಕ್ಕದ ಮನೆಯ ಮರಾಠಿ ಕಾಕು. ಮೆಕ್ಯಾನಿಕ್ ಟಾಂಗ್ ಟೆಸ್ಟರ್ (ವಯರಿನ ಸುತ್ತ ಇಕ್ಕಳದಂತೆ ಹಿಡಿದು ಕರೆಂಟ್ ಅಳೆಯುವ ಮೀಟರ್) ತೆಗೆದು ಗೀಸರಿನ ಇಡೀ ಕೇಬಲ್ಲಿಗೆ ಹಾಕಿದ. ಸೊನ್ನೆ ತೋರಿಸಿತು. 'ಕಾಕಾ, ಕರಂಟಚ್ ನಾಹೀ' ಅಂದ, ಕರೆಂಟೇ ಇಲ್ಲವಂತೆ. ನೀರು ಕಾಯುವ ಸದ್ದು ಕೇಳುತ್ತಿತ್ತು! ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದರೆ ಹೋಗುವ ಕರೆಂಟು, ಬರುವ ಕರೆಂಟು ಒಂದಕ್ಕೊಂದು ವಜಾ ಆಗುತ್ತದೆ, ಒಂದೇ ವಯರಿಗೆ ಹಾಕಪ್ಪ ಅಂದೆ. ಮೂರು ವಯರ್ ಬಿಡಿಯಾಗಿರುವ ನನ್ನ ಬೋರ್ಡನ್ನೇ ತಂದು ಕೊಟ್ಟೆ. ಆಗ 6.4 ಬಂತು.

ಸೂಪರ್‌ವೈಸರ್ ಧಾರವಾಡ ಕಡೆಯವರು. 'ವೋಲ್ಟೇಜ್ ಕಮ್ಮಿ ಐತ್ರಿ ಅಂಕಲ್' ಅಂದರು. 2000 ವ್ಯಾಟಿನ ಎಲಿಮೆಂಟು 1471ಕ್ಕೆ ಇಳಿಯಬೇಕಾದರೆ ವೋಲ್ಟೇಜ್ 197ಕ್ಕೆ ಬೀಳಬೇಕು, ಮೀಟರಿನಲ್ಲಿ 228 ಕಾಣುತ್ತಿದೆ ಅಲ್ವಾ ಅಂದೆ. 'ಬಿಸಿಯಾದ್ರ ಓಮ್ ಬದಲಾಗತೈತ್ರಿ' ಅಂದರು. ಬಲ್ಬಿನ ತಂತಿಗೆ ಆ ಮಾತು ಸರಿ. ಎಲಿಮೆಂಟಿನೊಳಗಿನ ನೈಕ್ರೋಮ್ ತಂತಿ ಕಾದರೂ ಅಷ್ಟೊಂದು ಬದಲಾಗುವುದಿಲ್ಲ, ತಣ್ಣಗಿದ್ದಾಗಲೂ 35 ಇತ್ತು ಅಂದೆ. 'ಕಮ್ಮಿ ವ್ಯಾಟ್ ಇದ್ರ ನಿಮ್ಮ ಬಿಲ್ ಉಳೀತೈತ್ರಿ!' ಅಷ್ಟೇ ನೀರನ್ನು ಅಷ್ಟೇ ಬಿಸಿ ಮಾಡಲು ಅಷ್ಟೇ ಯೂನಿಟ್ಟು ಬೇಕು, ಹೊತ್ತು ಮಾತ್ರ ಜಾಸ್ತಿ ಅಂದೆ. ಆಮೇಲೆ ಅವರು ಮುಗುಳ್ನಕ್ಕು ಹೇಳಿದ ಮಾತು ಇದು: 'ನೋಡ್ರಿ ಅಂಕಲ್, ನಿಮ್ದು ಹೋಟೆಲ್ ಲೈನ್. ಇಡ್ಲಿ ವಿಷ್ಯ ಇದ್ರ ನೀವ್ ಹೇಳ್ರಿ, ನಾವ್ ಕೇಳ್ತೀವಿ. ಇದು ಟೆಕ್ನಿಕಲ್ ಐತಿ.' ಬೀಗರು ನಕ್ಕರು. ಕಾಕುಗೆ ಕನ್ನಡ ಬರುವುದಿಲ್ಲ, ಆದರೂ ನಕ್ಕರು.

ಇಡ್ಲಿಯ ವಿಷಯಕ್ಕೇ ಬರೋಣ. ನಾಲ್ಕು ಇಡ್ಲಿಗೆ ಬಿಲ್ ಮಾಡಿ ಮೂರು ಕೊಟ್ಟರೆ ನಮ್ಮ ಗಿರಾಕಿ ತಟ್ಟೆ ನನ್ನ ಮುಖಕ್ಕೆ ಎಸೆಯುತ್ತಾನೆ. ನೀವು ಮಾಡಿರುವುದು ಅದೇ ಲೆಕ್ಕ.

ನಿಮ್ಮ ಗೀಸರಿನ ಮೇಲೆ ಐಎಸ್‌ಐ ಮುದ್ರೆ ಇದೆ. ಭಾರತೀಯ ಮಾನಕ ಐಎಸ್ 302ರ ಪ್ರಕಾರ ಇಂಥ ಹೀಟರಿನಲ್ಲಿ ಬರೆದ ವ್ಯಾಟಿಗಿಂತ ಶೇ 5 ಜಾಸ್ತಿ, ಶೇ 10 ಕಡಿಮೆ ತನಕ ಇರಬಹುದು. ಅಂದರೆ 1800ಕ್ಕಿಂತ ಕೆಳಗಿಳಿಯುವ ಹಾಗಿಲ್ಲ. ಈ ನಿಯಮ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಹಾಕಿದಿರಾ, ಅಥವಾ ಗೋಡೌನಿನಲ್ಲಿ ಉಳಿದದ್ದನ್ನು ಖಾಲಿ ಮಾಡಿದಿರಾ?

26 ಓಮಿನ ಎಲಿಮೆಂಟ್ ಕಳಿಸಿ. ಹಾಕುವ ಮೊದಲು ನನ್ನೆದುರು ಅಳೆದು ತೋರಿಸಲಿ. ಸೂಪರ್‌ವೈಸರ್ ಬಂದು ಬೀಗರ ಎದುರೇ ಕ್ಷಮೆ ಕೇಳಲಿ; ಬೀಗರನ್ನು ಕರೆಸುವ ಖರ್ಚು ನಂದೇ.

ಈ ವಾರದೊಳಗೆ ಆಗದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್, ಆಮೇಲೆ ಬಾಂದ್ರಾದ ಗ್ರಾಹಕ ಆಯೋಗ. 5 ಲಕ್ಷದೊಳಗಿನ ವ್ಯವಹಾರಕ್ಕೆ ಅಲ್ಲಿ ಫೀಸೂ ಇಲ್ಲ, ವಕೀಲರೂ ಬೇಕಿಲ್ಲ. ನನಗೆ ಬೇಕಾದಷ್ಟು ಪುರುಸೊತ್ತಿದೆ. ಇನ್ನೊಂದು ಮಾತು. ನಮ್ಮ ಸೊಸೈಟಿಯಲ್ಲಿ ನಿಮ್ಮ ಗೀಸರ್ ಇರುವ ಮನೆಗಳು ಇನ್ನೂ ಇವೆ, ನೀವೇ ಎಲಿಮೆಂಟ್ ಬದಲಾಯಿಸಿದವೂ ಇವೆ. ಭಾನುವಾರ ಟಾಂಗ್ ಟೆಸ್ಟರ್ ಹಿಡಿದು ಒಂದೊಂದೇ ಮಹಡಿ ಹತ್ತುತ್ತೇನೆ. 8.7 ಆಂಪ್ ಇರಬೇಕಾದಲ್ಲಿ ಆರೂವರೆ ಬಂದ ಮನೆಯವರ ಸಹಿಯೆಲ್ಲ ನನ್ನ ಸಹಿಯ ಕೆಳಗೆ ಬರುತ್ತದೆ. ಆಮೇಲೆ ನೀವು ಎಲಿಮೆಂಟ್ ತಂದರೂ ನಾನು ಬಾಗಿಲು ತೆಗೆಯುವುದಿಲ್ಲ.

ಇತಿ,
ಹೆಸರು, ವಿಳಾಸ, 'ಬಗೆಹರಿದ' ದೂರುಗಳ ನಂಬರು ಎಲ್ಲ ನಿಮ್ಮ ಕಂಪ್ಯೂಟರಿನಲ್ಲೇ ಇದೆ