ದನಿ ಬೇಕಾಗಿದೆ

ಗೆಳೆಯರೇ,

ಇದನ್ನು ಬರೆಯುವಾಗ ರಾತ್ರಿ ಹನ್ನೆರಡೂವರೆ. ಬೆಳಗ್ಗೆ ನಮ್ಮ ಕನ್ನಡ ಸಂಘದ ಪತ್ರಿಕೆ ಪ್ರಿಂಟಿಗೆ ಹೋಗಬೇಕು. ಈ ಪುಟ ಒಂದೇ ಖಾಲಿ ಉಳಿದಿದೆ.

ಹೋದ ವಾರ ನಮ್ಮ ನಾಟಕಗಳ ಅಶರೀರವಾಣಿಯನ್ನು ಬೀಳ್ಕೊಟ್ಟೆವು. ಹನ್ನೊಂದು ವರ್ಷ ಸೈಡ್ ವಿಂಗಿನಲ್ಲಿ ಮೈಕ್ ಹಿಡಿದು ಯಮ, ಭಾಗವತ, ಒಮ್ಮೆ ಆಲದಮರ ಕೂಡ ಆದವರು. ಈಗ ಮೈಸೂರಿಗೆ ವಾಪಸ್. ಅವರು ಮಾತಾಡಲು ಎದ್ದಾಗ ನನ್ನ ಮಗಳು ಕಿವಿಯಲ್ಲಿ ಕೇಳಿದಳು: "ಅಪ್ಪಾ, ಯಮನಿಗೆ ಇಷ್ಟು ಚಿಕ್ಕ ಮುಖಾನಾ?"

ನಗು ಬಂತು. ಆಮೇಲೆ 1996 ನೆನಪಾಯಿತು. ತುಮಕೂರಿನ ಹಾಸ್ಟೆಲ್ಲಿನಿಂದ ಆರು ಜನ ‘ಪೊಲೀಸ್ ಸ್ಟೋರಿ’ ಸೆಕೆಂಡ್ ಶೋಗೆ ಹೋಗಿದ್ದೆವು. ಥ್ರಿಲ್ಲರ್ ಮಂಜು ನಿರ್ದೇಶನ ಅಂದಮೇಲೆ ಫೈಟು ಜೋರಿರುತ್ತದೆ ಅಂತ ಹೋದದ್ದು. ಹೀರೋ ಸಾಯಿಕುಮಾರ್ ಯಾರು ಅಂತ ನಮಗೆ ಗೊತ್ತಿರಲಿಲ್ಲ. ಪಕ್ಕದಲ್ಲಿ ಚಿಂತಾಮಣಿಯ ಗೆಳೆಯ, ತೆಲುಗು ಸಿನಿಮಾ ನೋಡಿಕೊಂಡೇ ಬೆಳೆದವನು. ಹೀರೋ ಬಾಯಿ ಬಿಟ್ಟದ್ದೇ ತಡ, ಇವನು ಎದ್ದು ನಿಂತ. "ಲೋ, ಇದು ರಾಜಶೇಖರ್ ವಾಯ್ಸ್ ಕಣೋ!" ಹಿಂದಿನವರು ಬೈದು ಕೂರಿಸಿದರು. ಐದು ನಿಮಿಷಕ್ಕೆ ಮತ್ತೆ ಎದ್ದ. "ಅಲ್ಲ ಅಲ್ಲ, ಸುಮನ್ ವಾಯ್ಸು!"

ಎರಡೂ ಸರಿಯೇ. ತೆಲುಗಿನ ಆ ಇಬ್ಬರು ಹೀರೋಗಳಿಗೂ ವರ್ಷಗಟ್ಟಲೆ ದನಿ ಕೊಟ್ಟವರು ಇದೇ ಸಾಯಿಕುಮಾರ್. ಅವರ ತಂದೆ ಪಿ.ಜೆ. ಶರ್ಮ ಕೂಡ ನಟ, ಡಬ್ಬಿಂಗ್ ಕಲಾವಿದ. ಅಲ್ಲಿ ಮನೆಮನೆಗೂ ಗೊತ್ತಿದ್ದ ಗಂಟಲಿಗೆ ಇಲ್ಲಿ ಖಾಕಿ ತೊಡಿಸಿ ಇನ್ಸ್‌ಪೆಕ್ಟರ್ ಅಗ್ನಿ ಅಂತ ಹೆಸರಿಟ್ಟರು. ಅವತ್ತು ಹಾಸ್ಟೆಲ್ಲಿಗೆ ನಡೆದುಕೊಂಡು ಬರುತ್ತಾ ದಾರಿಯುದ್ದಕ್ಕೂ ಡೈಲಾಗ್ ಹೊಡೆದೆವು. ಒಂದೇ ಉಸಿರಿನಲ್ಲಿ ಮುಗಿಸಲು ಒಬ್ಬನಿಗೂ ಆಗಲಿಲ್ಲ. ಅಷ್ಟರಲ್ಲಿ ಬೀಟ್ ಪೊಲೀಸಪ್ಪ ಸೈಕಲ್ ನಿಲ್ಲಿಸಿ ಟಾರ್ಚ್ ಬಿಟ್ಟ. ಆರು ಅಗ್ನಿಗಳೂ ಥಟ್ಟನೆ ಆರಿದವು.

ಸಾಯಿಕುಮಾರ್ ಅವರ ತಮ್ಮ ರವಿಶಂಕರ್ ಹಿಡಿದದ್ದೂ ಅದೇ ದಾರಿ. 2009ರಲ್ಲಿ ತೆಲುಗಿನ ‘ಅರುಂಧತಿ’ಯಲ್ಲಿ ಸೋನು ಸೂದ್‌ಗೆ ದನಿಯಾದರು. 2011ರಲ್ಲಿ ‘ಕೆಂಪೇಗೌಡ’ದ ಆರ್ಮುಗಂ ಆಗಿ ಕನ್ನಡಿಗರಿಗೆ ಮುಖ ತೋರಿಸಿದರು. ನನ್ನ ಕೇಳಿದರೆ ನಟನೆಗಿಂತ ಡಬ್ಬಿಂಗೇ ಕಷ್ಟ. ಇನ್ನೊಬ್ಬನ ತುಟಿಗೆ ತನ್ನ ಮಾತು ಕೂರಬೇಕು. ಪರದೆಯ ಮೇಲೆ ಅವನು ಓಡುತ್ತಾನೆ, ಇವನು ಮೈಕಿನ ಮುಂದೆ ನಿಂತಲ್ಲೇ ಏದುಸಿರು ಬಿಡಬೇಕು. ಸಾಯಿಕುಮಾರ್ ಅಂದರೆ ಬರೀ ಗುಡುಗು ಅನ್ನುವವರು 2015ರ ‘ರಂಗಿತರಂಗ’ ಇನ್ನೊಮ್ಮೆ ನೋಡಿ.

ಅಯ್ಯೋ, ಪ್ರಕಟಣೆಗಳು! ರಾಜ್ಯೋತ್ಸವ ನವೆಂಬರ್ ಎರಡನೇ ಶನಿವಾರ, ಸಂಜೆ ನಾಲ್ಕಕ್ಕೆ, ಎಂದಿನ ಶಾಲೆಯ ಸಭಾಂಗಣದಲ್ಲಿ. ಚಳಿಗಾಲಕ್ಕೆ ಇಲ್ಲಿನ ಗಡಿಯಾರ ಆ ಹೊತ್ತಿಗೆ ಒಂದು ಗಂಟೆ ಹಿಂದೆ ಹೋಗಿರುತ್ತದೆ, ತಡವಾಗಲು ನೆಪವಿಲ್ಲ, ಕಳೆದ ಸಲದಂತೆ ಬಿಸಿಬೇಳೆಬಾತ್ ಆರಿದ ಮೇಲೆ ಬರಬೇಡಿ. ಊಟದ ತಟ್ಟೆ ಮನೆಯಿಂದಲೇ ತನ್ನಿ. ಕನ್ನಡ ಕಲಿ ತರಗತಿ ಭಾನುವಾರ ಹತ್ತಕ್ಕೆ, ಅದಾದ ಮೇಲೆ ನಾಟಕದ ರಿಹರ್ಸಲ್. ಸದಸ್ಯತ್ವದ ಹಣ ಬಾಕಿ ಇರುವವರು ಯಾರು ಅಂತ ಅವರಿಗೇ ಗೊತ್ತು.

ಈ ಸಲವೂ ನಾಟಕದಲ್ಲಿ ಯಮ ಇದ್ದಾನೆ, ದನಿ ಇಲ್ಲ. ವೇಷ ಬೇಡ, ಬಾಯಿಪಾಠ ಬೇಡ, ಸುಮ್ನೆ ವಿಂಗಿನಲ್ಲಿ ನಿಂತು ಓದಿದರೆ ಸಾಕು. ಹಾಗೇ ಈ ಪುಟ ತುಂಬಲೂ ಯಾರಾದರೂ ಕೈ ಜೋಡಿಸಿದರೆ ನಾನು ತಿಂಗಳಿಗೆ ಒಂದು ರಾತ್ರಿ ಜಾಸ್ತಿ ಮಲಗುತ್ತೇನೆ. ಗುರುವಾರದೊಳಗೆ ಫೋನ್ ಮಾಡಿ. ಸದ್ಯಕ್ಕೆ ಯಮನಾಗುತ್ತೇನೆ ಅಂತ ಒಪ್ಪಿರುವುದು ನನ್ನ ಮಗಳು ಮಾತ್ರ. ಅವಳಿಗೆ ಏಳು ವರ್ಷ, ಮುಂದಿನ ಎರಡು ಹಲ್ಲು ಬಿದ್ದಿವೆ.