ಮಾವ, ಸೀಮೆಸುಣ್ಣದ ಆ ಗುರುತು ಇನ್ನೂ ಅಳಿಸಿಲ್ಲ

ಹಿಕರಿಯಲ್ಲಿ ನಮ್ಮ ಮೊದಲ ಸೀಸನ್ ಮುಗಿಯಿತು. ನಾರ್ತ್ ಕ್ಯಾರೊಲಿನಾದ ಈ 0.363 ಮೈಲಿಯ ಟ್ರ್ಯಾಕಿನಲ್ಲಿ 1951ರಿಂದ ರೇಸು ನಡೆಯುತ್ತಿದೆ. ಅಲ್ಲಿ ಸ್ಟ್ರೀಟ್ ಸ್ಟಾಕ್ (ರಸ್ತೆಯ ಹಳೆಯ ಕಾರುಗಳನ್ನೇ ರೇಸಿಗೆ ಸಜ್ಜುಮಾಡಿ ಓಡಿಸುವ ವರ್ಗ) ಸಾಲಿನಲ್ಲಿ ನಮ್ಮ ಹಳೆಯ ಶೆವ್ರೊಲೆ ಮಾಂಟೆ ಕಾರ್ಲೊ ಕಾರು ಕೂಡ ನಿಂತಿತು ಅನ್ನುವುದೇ ನಮಗೆ ದೊಡ್ಡದು. ಒಂದು ರೇಸಿನಲ್ಲಿ ದೊಡ್ಡ ತಮ್ಮ ಓಡಿಸುತ್ತಿದ್ದಾಗ ಗಾಡಿ ಗೋಡೆಗೆ ಬಡಿದು ಅವನ ಮಣಿಕಟ್ಟಿಗೆ ಪೆಟ್ಟಾಯಿತು, ಮುಂದಿನ ರೇಸನ್ನು ಚಿಕ್ಕ ತಮ್ಮ ಓಡಿಸಬೇಕಾಯಿತು. ಇದಕ್ಕಿಂತ ಹೆಚ್ಚು ಅದರ ಬಗ್ಗೆ ಬರೆಯುವುದಿಲ್ಲ. ಅಕ್ಕ ಮತ್ತು ಇಬ್ಬರು ತಮ್ಮಂದಿರು, ನಾವು ಮೂವರೂ ಸೇರಿ ಧನ್ಯವಾದ ಹೇಳಬೇಕಿತ್ತು, ಅದಕ್ಕೆ ಈ ಬರಹ.

ಟ್ರೇಲರ್ ಕೊಟ್ಟ ಕನ್ನಡದ ಗೆಳೆಯರಿಗೆ, ನಾಲ್ಕು ಚಕ್ರದ ತೂಕದ ಸ್ಕೇಲುಗಳನ್ನು ಕೇಳಿದಾಗಲೆಲ್ಲ ಕೊಟ್ಟ ಪಕ್ಕದ ಪಿಟ್‌ನವರಿಗೆ, ಪ್ರತಿ ಶನಿವಾರ ಪುಳಿಯೋಗರೆ ಕಟ್ಟಿಕೊಟ್ಟ ಅಮ್ಮನಿಗೆ, ಟೈರು ಉರುಳಿಸಿದ, ಸುತ್ತಿನ ಸಮಯ ಬರೆದುಕೊಂಡ ಎಲ್ಲರಿಗೂ ಮನಸಾರೆ ನಮಸ್ಕಾರ.

ಇನ್ನು ಮಾವ. ಭದ್ರಾವತಿಯ ಕಾರ್ಖಾನೆಯಲ್ಲಿ ವೆಲ್ಡರ್ ಆಗಿ ನಿವೃತ್ತರಾಗಿ, ಆರು ತಿಂಗಳು ತಂಗಿಯ ಮನೆಯಲ್ಲಿ ಇದ್ದು ಹೋಗೋಣ ಎಂದು ಬಂದವರು ನೀವು. ಆ ಮುಂದಿನ ರೇಸಿನ ಹಿಂದಿನ ರಾತ್ರಿ ಗ್ಯಾರೇಜಿಗೆ ಬಂದವರೇ ಮೊದಲು ಕೇಳಿದ್ದು ಗಾರೆ ಕೆಲಸದವರ ತೂಗುಗುಂಡನ್ನು. ನಾವಾಗಲೇ ಬಲಗಡೆ ಹೊಸ ಕಂಟ್ರೋಲ್ ಆರ್ಮ್ (ಚಕ್ರವನ್ನು ಫ್ರೇಮಿಗೆ ಹಿಡಿದಿಡುವ ತೋಳು) ಹಾಕಿಬಿಟ್ಟಿದ್ದೆವು, ಫ್ರೇಮ್ ಕಣ್ಣಿಗೆ ನೆಟ್ಟಗೆ ಕಾಣುತ್ತಿತ್ತು. ಗಾಡಿಯನ್ನು ನಾಲ್ಕು ಸ್ಟ್ಯಾಂಡಿನ ಮೇಲೆ ಮಟ್ಟವಾಗಿ ನಿಲ್ಲಿಸಿ, ಮುಂದಿನ ಆರ್ಮ್‌ಗಳ ಬೋಲ್ಟಿನಿಂದಲೂ ಹಿಂದಿನ ಆರ್ಮ್‌ಗಳ ಬೋಲ್ಟಿನಿಂದಲೂ ಗುಂಡು ಇಳಿಬಿಟ್ಟು, ಕಾಂಕ್ರೀಟಿನ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕು ಗುರುತು ಮಾಡಿದಿರಿ. ಮೂಲೆಯಿಂದ ಮೂಲೆಗೆ ಟೇಪು ಹಿಡಿದರೆ ಎರಡು ಅಳತೆಗಳ ನಡುವೆ ಮುಕ್ಕಾಲು ಇಂಚು ವ್ಯತ್ಯಾಸ. ಫ್ರೇಮೇ ಸೊಟ್ಟಗಿದ್ದರೆ ಹೊಸ ಆರ್ಮ್ ಹಾಕಿ ಏನು ಬಂತು? ಎಷ್ಟು ಶಿಮ್ (ತೆಳು ಲೋಹದ ಬಿಲ್ಲೆ) ತುರುಕಿದರೂ ಚಕ್ರ ಒಳಗೆ-ಹೊರಗೆ ವಾಲುವ ಕ್ಯಾಂಬರ್, ಸ್ಟೀರಿಂಗಿಗೆ ಚಕ್ರ ತಿರುಗುವ ಅಚ್ಚು ಹಿಂದೆ-ಮುಂದೆ ವಾಲುವ ಕ್ಯಾಸ್ಟರ್ ಎರಡೂ ಒಟ್ಟಿಗೆ ಕೂರುವುದಿಲ್ಲ.

ಮುಂದಿನದನ್ನು ಇಲ್ಲಿ ಬರೆದಿಡುತ್ತೇನೆ, ಬೇರೆಯವರಿಗೂ ಬೇಕಾದೀತು. ಬ್ಯಾಟರಿ, ಆಲ್ಟರ್ನೇಟರ್ ವೈರು ಬಿಚ್ಚಿಸಿದಿರಿ. ಫ್ಯೂಯೆಲ್ ಸೆಲ್ (ರೇಸ್ ಗಾಡಿಯ ಇಂಧನದ ಟ್ಯಾಂಕು) ಇಳಿಸಿ ಹೊರಗೆ ಸಾಗಿಸಿದಿರಿ. ವೆಲ್ಡಿಂಗ್ ಯಂತ್ರದ ಅರ್ತ್ ಕ್ಲ್ಯಾಂಪನ್ನು ಬೆಸುಗೆಯ ಪಕ್ಕದಲ್ಲೇ ಕಚ್ಚಿಸಿದಿರಿ. ದೂರ ಹಾಕಿದರೆ ಕರೆಂಟು ಬೇರಿಂಗ್ ಮೂಲಕ ಹಾದು ಅದನ್ನು ಸುಡುತ್ತದೆ. ಚೈನು, ಹೈಡ್ರಾಲಿಕ್ ಜಾಕ್ ಕಟ್ಟಿ ಎಳೆಯುವಾಗ ಬೇಕಾದದ್ದಕ್ಕಿಂತ ತುಸು ಹೆಚ್ಚೇ ಎಳೆದಿರಿ, ಬಿಟ್ಟ ಮೇಲೆ ಲೋಹ ಸ್ವಲ್ಪ ಹಿಂದಕ್ಕೆ ಬರುತ್ತದೆ ಎಂದು. ಫ್ರೇಮಿನ ಬಿರುಕಿಗೆ ಲೋಹದ ತಟ್ಟೆ ಕೂರಿಸಿ, ನಾಲ್ಕು ಕಡೆ ಚುಕ್ಕಿ ಬೆಸುಗೆ ಹಾಕಿ, ಆಮೇಲೆ ಒಂದೊಂದು ಇಂಚು ಈ ಬದಿ, ಒಂದೊಂದು ಇಂಚು ಆ ಬದಿ. ಒಂದೇ ಉಸಿರಿಗೆ ಎಳೆದಿದ್ದರೆ ಶಾಖಕ್ಕೆ ಫ್ರೇಮ್ ಮತ್ತೆ ಬೆಸುಗೆಯ ಕಡೆಗೆ ವಾಲುತ್ತಿತ್ತು. ಫ್ಯಾನ್ ಹಾಕುವಂತಿರಲಿಲ್ಲ, ಗಾಳಿಗೆ ಬೆಸುಗೆಯನ್ನು ಕಾಯುವ ಗ್ಯಾಸ್ ಚದುರಿ ಬೆಸುಗೆಯೊಳಗೆ ಗುಳ್ಳೆ ಏಳುತ್ತದೆ. ಆಗಸ್ಟಿನ ಆ ಸೆಕೆಯಲ್ಲಿ ನಿಮ್ಮ ಅಂಗಿ ಬೆನ್ನಿಗೆ ಅಂಟಿಹೋಗಿತ್ತು. ಬೇಗ ಆರಲೆಂದು ಚಿಕ್ಕ ತಮ್ಮ ನೀರಿನ ಪೈಪು ಎತ್ತಿಕೊಂಡಾಗ ಅವನ ಕೈ ಹಿಡಿದು ಕೂರಿಸಿದಿರಿ. ಬಿಸಿ ಬೆಸುಗೆಗೆ ನೀರು ಬಿದ್ದರೆ ಅದು ಪೆಡಸಾಗಿ ಮುಂದಿನ ಪೆಟ್ಟಿಗೇ ಬಿರಿಯುತ್ತದೆ.

ರಾತ್ರಿ ಎರಡು ಗಂಟೆಗೆ ನಾನು, ಗಾಡಿ ಮಾರಿಬಿಡೋಣ ಅಂದೆ. ದೊಡ್ಡ ತಮ್ಮನ ಹೆಗಲ ಮೇಲೆ ಸೀಟ್ ಬೆಲ್ಟು ಮೂಡಿಸಿದ್ದ ನೀಲಿ ಪಟ್ಟೆ ಕಣ್ಣಿಗೆ ಕಟ್ಟಿದ ಹಾಗಿತ್ತು. ಗಾಡಿ ಕಟ್ಟಿದವಳು ನಾನು, ಒಳಗೆ ಕೂತವನು ಅವನು. ನನ್ನ ಕೈಯ ಮೇಲೆ ನನಗೇ ನಂಬಿಕೆ ಹೋಗಿತ್ತು, ಮಾವ. ನೀವು ಒಂದು ಮಾತೂ ಆಡಲಿಲ್ಲ. ಟಾರ್ಚು ಹಿಡಿದು ರೋಲ್ ಕೇಜಿನೊಳಗೆ (ಓಡಿಸುವವನನ್ನು ಕಾಯುವ ಪೈಪಿನ ಪಂಜರ) ಹೋಗಿ, ಪೈಪುಗಳ ಒಂದೊಂದು ಜೋಡಣೆಗೂ ವೈರ್ ಬ್ರಷ್ ಹಾಕಿ, ಬೆರಳಾಡಿಸಿ, ನನ್ನ ಬೆರಳನ್ನೂ ಆಡಿಸಿ ತೋರಿಸಿದಿರಿ. ಎಲ್ಲೂ ಬಿರುಕಿರಲಿಲ್ಲ. ಬೆಲ್ಟುಗಳನ್ನು ಮಾತ್ರ ಬಿಚ್ಚಿ ಕಸಕ್ಕೆ ಹಾಕಿಸಿದಿರಿ. ಒಮ್ಮೆ ಜೋರಾಗಿ ಜಗ್ಗಿಸಿಕೊಂಡ ಬೆಲ್ಟು ನೋಡಲು ಚೆನ್ನಾಗಿದ್ದರೂ ಎರಡನೇ ಸಲಕ್ಕೆ ಆಗುವುದಿಲ್ಲ. ಹೊಸದನ್ನು ಬಿಗಿದದ್ದು ನಾನೇ. ಅಷ್ಟು ಹೊತ್ತಿಗೆ ಕೈ ನಡುಗುವುದು ನಿಂತಿತ್ತು.

ಬೆಳಗಿನ ಜಾವ ಸ್ಕೇಲಿಗೆ ಏರಿಸಿದೆವು. ಓಡಿಸಬೇಕಾದ ಚಿಕ್ಕ ತಮ್ಮ ಮಲಗಲಿ ಎಂದು ಅವನ 160 ಪೌಂಡಿಗೆ ಬದಲಾಗಿ 20 ಪೌಂಡಿನ ಎಂಟು ಸೋನಾ ಮಸೂರಿ ಮೂಟೆಗಳನ್ನು ಸೀಟಿನಲ್ಲಿಯೂ ಕಾಲಿಡುವ ಜಾಗದಲ್ಲಿಯೂ ಜೋಡಿಸಿದೆವು. ಸ್ವೇ ಬಾರ್ (ತಿರುವಿನಲ್ಲಿ ಗಾಡಿ ವಾಲುವುದನ್ನು ತಡೆಯುವ ಸರಳು) ಬಿಚ್ಚಿ, ಟೈರಿಗೆ ರೇಸಿನ ಗಾಳಿಯನ್ನೇ ತುಂಬಿ ನೋಡಿದರೆ ಕ್ರಾಸ್ ವೇಟ್, ಅಂದರೆ ಒಟ್ಟು ತೂಕದಲ್ಲಿ ಮುಂದಿನ ಬಲ, ಹಿಂದಿನ ಎಡ ಚಕ್ರಗಳ ಪಾಲು, ಶೇ. 47. ಆ ಎರಡು ಚಕ್ರಗಳ ಮೇಲೆ ಭಾರ ಸಾಲದು, ತಿರುವಿನಲ್ಲಿ ಹಿಂಭಾಗ ಜಾರುತ್ತದೆ. ಸ್ಪ್ರಿಂಗಿನ ಒತ್ತಡ ಹೆಚ್ಚುಕಡಿಮೆ ಮಾಡುವ ಜಾಕ್ ಬೋಲ್ಟನ್ನು ಅರ್ಧರ್ಧ ಸುತ್ತು ತಿರುಗಿಸುತ್ತ, ಪ್ರತಿ ಸಲ ಗಾಡಿಯನ್ನು ಕುಲುಕಿ ಸ್ಪ್ರಿಂಗು ಕೂರಿಸಿ, 51.5ಕ್ಕೆ ತಂದೆವು.

ಒಡಹುಟ್ಟಿದವರು ಸೇರಿ ರೇಸಿಗಿಳಿಯುವುದು ಈ ಸೀಮೆಗೆ ಹೊಸದಲ್ಲ. 1949ರಲ್ಲಿ ಡೇಟೋನಾ ಬೀಚಿನಲ್ಲಿ ಎಥೆಲ್ ಫ್ಲಾಕ್ ಮೋಬ್ಲಿ ತನ್ನ ಮೂವರು ಸಹೋದರರೊಂದಿಗೆ ಒಂದೇ ರೇಸಿನಲ್ಲಿ ಓಡಿ, ಅವರಲ್ಲಿ ಇಬ್ಬರಿಗಿಂತ ಮುಂದೆ ಮುಗಿಸಿದಳು. ವರ್ಜೀನಿಯಾದ ಸ್ಟುವರ್ಟಿನ ವುಡ್ ಸಹೋದರರು 1950ರಲ್ಲಿ ಕಟ್ಟಿದ ತಂಡ ಇವತ್ತಿಗೂ ಓಡುತ್ತಿದೆ. ಅವರ ಹೆಸರೆಲ್ಲ ಉಳಿದಿವೆ. ಅವರ ಶೆಡ್ಡುಗಳಲ್ಲಿ ರಾತ್ರಿ ಟಾರ್ಚು ಹಿಡಿದು ಕೂತವರು ಯಾರೋ. ಅದಕ್ಕೇ ನಿಮ್ಮ ವಿಷಯ ಇಷ್ಟುದ್ದ ಬರೆದೆ.

ಆ ರಾತ್ರಿಯಿಂದೀಚೆಗೆ ಪ್ರತಿ ರೇಸ್ ಆದಮೇಲೂ ಗುಂಡು ಇಳಿಬಿಟ್ಟು ನೋಡಿದ್ದೇವೆ. ಕೊನೆಯ ಶನಿವಾರದವರೆಗೂ ಅಳತೆ ಇಂಚಿನ ಹದಿನಾರನೇ ಒಂದು ಭಾಗದಷ್ಟೂ ಕದಲಿಲ್ಲ. ಸೀಮೆಸುಣ್ಣದ ಗುರುತು ಸವೆಯದಿರಲಿ ಎಂದು ಅದರ ಮೇಲೆ ಬಿಳಿ ಪೇಂಟು ಎಳೆದಿದ್ದೇವೆ. ಈ ಚಳಿಗಾಲ ಎಂಜಿನ್ ಇಳಿಸಿ ಎಡಗಡೆಯ ಫ್ರೇಮನ್ನೂ ಪೂರ್ತಿ ನೋಡಬೇಕು. ಇಲ್ಲಿ ರಾತ್ರಿ ಎಂಟಕ್ಕೆ ವಿಡಿಯೊ ಕಾಲ್ ಮಾಡುತ್ತೇವೆ ಮಾವ, ಭದ್ರಾವತಿಯಲ್ಲಿ ಆಗ ಬೆಳಗ್ಗೆ ಆರೂವರೆ, ನಿಮ್ಮ ಕಾಫಿಯ ಹೊತ್ತು.